ಶೇಷದ ಪಾಲು: ಕಿಣ್ವಕ್ರಿಯೆಯ ಒಂದು ಲೆಕ್ಕಾಚಾರದ ವಿಮರ್ಶೆ

ಕಿಣ್ವಗಳ ಕ್ರಿಯಾವಿಧಾನವನ್ನು ಕುರಿತ ಸಂಶೋಧನ ಪ್ರಬಂಧಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಒಂದು ಬಗೆಯ ವಾಕ್ಯವು ಬೇರೂರಿದೆ. ‘ಇಂಥ ಸ್ಥಾನದಲ್ಲಿರುವ ಇಂಥ ಶೇಷವು ಕ್ರಿಯಾವರ್ಧನೆಗೆ ಇಷ್ಟು ಸಾವಿರ ಪಟ್ಟು ಸಲ್ಲಿಸುತ್ತದೆ’ ಎಂಬುದೇ ಆ ವಾಕ್ಯ. ಸ್ಥಾನ ಬದಲಾಗುತ್ತದೆ, ಸಂಖ್ಯೆ ಬದಲಾಗುತ್ತದೆ. ವಾಕ್ಯದ ಕಟ್ಟು ಮಾತ್ರ ಬದಲಾಗುವುದಿಲ್ಲ. ಅಳತೆಯಿಂದ ಬಂದ ಸಂಖ್ಯೆಯೊಂದು ಅದರಲ್ಲಿ ಇರುವುದರಿಂದ ಓದಿದವರು ಅದನ್ನು ಸಂಶಯಿಸುವುದಿಲ್ಲ. ಪಠ್ಯಪುಸ್ತಕಗಳು ಹಾಗೆಯೇ ಎತ್ತಿಕೊಳ್ಳುತ್ತವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾರೆ. ಆ ಸಂಖ್ಯೆಯು ಯಾವುದರ ಅಳತೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಳತೆಗಳ ನಿಷ್ಕೃಷ್ಟತೆಯನ್ನು ನಾವಿಲ್ಲಿ ಪ್ರಶ್ನಿಸುತ್ತಿಲ್ಲ. ಅಳೆದದ್ದು ಒಂದು, ಹೆಸರಿಟ್ಟದ್ದು ಇನ್ನೊಂದು ಎಂಬುದೇ ನಮ್ಮ ಆಕ್ಷೇಪ.

ಮೊದಲು ಪದಗಳ ವಿಷಯ. ಅಮೈನೊ ಆಮ್ಲಗಳು ಒಂದರೊಡನೊಂದು ಕೂಡಿ ಪ್ರೋಟೀನಿನ ಸರಪಣಿಯಾಗುವಾಗ ಪ್ರತಿಯೊಂದು ಕೂಡಿಕೆಯಲ್ಲಿಯೂ ನೀರಿನ ಒಂದು ಅಣು ಹೊರಬೀಳುತ್ತದೆ. ಹೀಗೆ ನೀರು ಕಳೆದು ಸರಪಣಿಯಲ್ಲಿ ಉಳಿದ ಭಾಗವನ್ನು ಶೇಷವೆಂದು ಕರೆಯುವುದು ವಾಡಿಕೆ. ನೂರಾರು ಶೇಷಗಳಿರುವ ಕಿಣ್ವದಲ್ಲಿ ರಾಸಾಯನಿಕ ಕ್ರಿಯೆಗೆ ನೇರವಾಗಿ ಕೈಹಾಕುವ ಶೇಷಗಳು ನಾಲ್ಕೈದು ಮಾತ್ರ. ಅವು ಒಟ್ಟುಗೂಡಿರುವ ಎಡೆಯೇ ಕ್ರಿಯಾಸ್ಥಾನ. ಕಿಣ್ವವು ಯಾವ ವಸ್ತುವನ್ನು ಮಾರ್ಪಡಿಸುತ್ತದೆಯೋ ಅದನ್ನು ಸಬ್‌ಸ್ಟ್ರೇಟು ಎಂದೇ ಇಲ್ಲಿ ಕರೆದಿದೆ. ಅದಕ್ಕಾಗಿ ಹುಟ್ಟಿಸಿದ ಪದಗಳಲ್ಲಿ ಯಾವುದೂ ಬಳಕೆಯಲ್ಲಿ ಗಟ್ಟಿಯಾಗಿ ನಿಂತಂತೆ ತೋರುವುದಿಲ್ಲ.

ಒಂದು ಶೇಷವನ್ನು ಕೆಡಿಸಿ ಕಿಣ್ವದ ಗತಿಯೇನಾಗುವುದೆಂದು ನೋಡುವ ಪದ್ಧತಿಯು ಜೀನುಗಳ ತಿದ್ದುಪಡಿಗಿಂತ ಹಳೆಯದು. ೧೯೪೯ರಲ್ಲಿ ಜಾನ್ಸೆನ್, ಬಾಲ್ಸ್ ಮತ್ತು ಅವರ ಸಹೋದ್ಯೋಗಿಗಳು ಡೈಐಸೊಪ್ರೊಪೈಲ್ ಫ್ಲೂರೊಫಾಸ್ಫೇಟು ಎಂಬ ವಿಷವಸ್ತುವು ಕೈಮೊಟ್ರಿಪ್ಸಿನ್ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದನ್ನು ತೋರಿಸಿದರು. ಆ ವಸ್ತು ಹಿಡಿದುಕೊಂಡದ್ದು ಒಂದೇ ಒಂದು ಸೆರೀನ್ ಶೇಷವನ್ನು. ಅದೇ ಇಂದು ಎಲ್ಲ ಪುಸ್ತಕಗಳಲ್ಲಿಯೂ ಕಾಣುವ ೧೯೫ನೆಯ ಸೆರೀನ್. ೧೯೬೩ರಲ್ಲಿ ಶೋಲ್‌ಮನ್ ಮತ್ತು ಷಾ ಅವರು ಬೇರೊಂದು ವಸ್ತುವಿನಿಂದ ೫೭ನೆಯ ಹಿಸ್ಟಿಡೀನನ್ನು ಹಿಡಿದರು. ಅದೇ ವರ್ಷ ಸ್ಟ್ರೂಮೆಯರ್, ವೈಟ್ ಮತ್ತು ಕಾಷ್‌ಲ್ಯಾಂಡ್ ಅವರು ಆ ಸೆರೀನಿನಿಂದ ನೀರನ್ನು ಕಳೆದು, ಕಿಣ್ವವು ಕೆಲಸಗೆಡುವುದನ್ನು ಕಂಡರು. ಈ ಬಗೆಯ ಪ್ರಯೋಗಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದುದು ೧೯೬೬ರದು. ನೀಟ್ ಮತ್ತು ಕಾಷ್‌ಲ್ಯಾಂಡ್ ಒಂದು ಕಡೆ, ಪೋಲ್ಗಾರ್ ಮತ್ತು ಬೆಂಡರ್ ಇನ್ನೊಂದು ಕಡೆ, ಸಬ್ಟಿಲಿಸಿನ್ ಎಂಬ ಬ್ಯಾಕ್ಟೀರಿಯದ ಕಿಣ್ವದಲ್ಲಿ ಸೆರೀನನ್ನು ಸಿಸ್ಟೀನಾಗಿ ಮಾರ್ಪಡಿಸಿದರು. ಎಂದರೆ ಆಮ್ಲಜನಕದ ಒಂದು ಪರಮಾಣುವಿನ ಎಡೆಯಲ್ಲಿ ಗಂಧಕದ ಒಂದು ಪರಮಾಣು. ಪ್ರೋಟೀನನ್ನು ಸೀಳುವ ಶಕ್ತಿ ಹೆಚ್ಚುಕಡಮೆ ಹೊರಟುಹೋಯಿತು. ನೈಟ್ರೊಫೀನೈಲ್ ಅಸಿಟೇಟಿನಂಥ, ತಾನಾಗಿಯೇ ಒಡೆಯಲು ಸಿದ್ಧವಾಗಿರುವ ವಸ್ತುಗಳನ್ನು ಒಡೆಯುವ ಶಕ್ತಿ ಉಳಿಯಿತು. ಗಂಧಕದಲ್ಲಿ ಏನೋ ಕೊರತೆಯಿದೆಯೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಕಿಣ್ವವು ಅದೇ ಸಿಸ್ಟೀನಿನ ಗಂಧಕದಿಂದ ಪ್ರೋಟೀನುಗಳನ್ನು ಚೆನ್ನಾಗಿಯೇ ಸೀಳುತ್ತದೆ. ಕೊರತೆಯಿದ್ದದ್ದು ಆ ಗಂಧಕಕ್ಕೂ ಅದರ ನೆರೆಹೊರೆಗೂ ಇದ್ದ ಹೊಂದಾಣಿಕೆಯಲ್ಲಿ. ಮುಂದೆ ಬರಲಿರುವ ವಾದದ ಬೀಜವೆಲ್ಲ ಈ ಒಂದು ಪ್ರಯೋಗದಲ್ಲಿಯೇ ಇತ್ತೆಂದು ನಮ್ಮ ಅಭಿಪ್ರಾಯ.

ಮೂರನೆಯ ಶೇಷದ ಕಥೆ ಇನ್ನೂ ಸ್ವಾರಸ್ಯವಾದುದು. ಹಾರ್ಟ್ಲಿಯವರು ೧೯೬೪ರಲ್ಲಿ ಪ್ರಕಟಿಸಿದ ಕೈಮೊಟ್ರಿಪ್ಸಿನ್ ಸರಪಣಿಯ ಪಟ್ಟಿಯಲ್ಲಿ ೧೦೨ನೆಯ ಸ್ಥಾನದಲ್ಲಿ ಇದ್ದದ್ದು ಆಸ್ಪರಜೀನ್. ೧೯೬೭ರಲ್ಲಿ ಕೇಂಬ್ರಿಜ್ಜಿನಲ್ಲಿ ಮ್ಯಾಥ್ಯೂಸ್, ಸಿಗ್ಲರ್, ಹೆಂಡರ್ಸನ್, ಬ್ಲೋ ಅವರು ಎಕ್ಸ್‌ಕಿರಣಗಳಿಂದ ಆ ಕಿಣ್ವದ ರಚನೆಯನ್ನು ಬಿಡಿಸಿದ ಮೇಲೆ, ಈ ಶೇಷವು ಹಿಸ್ಟಿಡೀನಿನ ಬೆನ್ನಿಗೆ ಹೊಂದಿಕೊಂಡು ಪ್ರೋಟೀನಿನ ಒಳಗೆ ಹುದುಗಿರುವುದು ಗೊತ್ತಾಯಿತು. ಸಂಶಯ ಬಂದು ಮತ್ತೆ ಪರೀಕ್ಷಿಸಿದಾಗ ಅದು ಆಸ್ಪರಜೀನಲ್ಲ, ಆಸ್ಪಾರ್ಟಿಕ್ ಆಮ್ಲವೆಂದು ತಿಳಿಯಿತು. ೧೯೬೯ರಲ್ಲಿ ಬ್ಲೋ, ಬಿರ್ಕ್‌ಟಾಫ್ಟ್ ಮತ್ತು ಹಾರ್ಟ್ಲಿ ಅವರು ಈ ಮೂರು ಶೇಷಗಳನ್ನು ಒಂದು ಸಾಲಿನಲ್ಲಿ ಕಂಡು, ಒಳಗಿನ ಆಮ್ಲದ ಋಣ ವಿದ್ಯುದಂಶವು ಹಿಸ್ಟಿಡೀನಿನ ಮೂಲಕ ಸೆರೀನಿಗೆ ಕೈದಾಟುತ್ತದೆಂಬ ಪ್ರಸಿದ್ಧ ಕಲ್ಪನೆಯನ್ನು ಮಂಡಿಸಿದರು. ಅದೇ ವರ್ಷ ರೈಟ್, ಆಲ್ಡೆನ್ ಮತ್ತು ಕ್ರೌಟ್ ಅವರು ಸಬ್ಟಿಲಿಸಿನ್ನಿನ ರಚನೆಯನ್ನು ಪ್ರಕಟಿಸಿದರು. ಮಡಿಕೆಗಳಲ್ಲಿ ಕೈಮೊಟ್ರಿಪ್ಸಿನ್ನಿಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಆಸ್ಪಾರ್ಟಿಕ್ ಆಮ್ಲ, ಹಿಸ್ಟಿಡೀನ್, ಸೆರೀನ್ ಎಂಬ ಅದೇ ಮೂವರು ಅದೇ ಭಂಗಿಯಲ್ಲಿ ಅಲ್ಲಿಯೂ ಇದ್ದರು. ನಿಸರ್ಗವು ಎರಡು ಬಾರಿ ಬೇರೆ ಬೇರೆಯಾಗಿ ಕಂಡುಕೊಂಡ ಏರ್ಪಾಡು ಇದು. ‘ಶೇಷತ್ರಯ’ ಎಂದು ಇದನ್ನು ಮುಂದೆ ಕರೆಯುತ್ತೇವೆ.

ಮೈಕೇಲ್ ಸ್ಮಿತ್ತರು ರೂಪಿಸಿದ, ಜೀನಿನಲ್ಲಿ ಗುರಿಯಿಟ್ಟು ಒಂದೇ ಸ್ಥಾನವನ್ನು ತಿದ್ದುವ ವಿಧಾನವು ಕಿಣ್ವಶಾಸ್ತ್ರಕ್ಕೆ ಬಂದದ್ದು ೧೯೮೨ರಲ್ಲಿ. ವಿಂಟರ್, ಫರ್ಷ್ಟ್ ಮೊದಲಾದವರು ಸ್ಮಿತ್ತರೊಡನೆ ಸೇರಿ ಟೈರೊಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವದ ಒಂದು ಸಿಸ್ಟೀನನ್ನು ಸೆರೀನಾಗಿ ಬದಲಾಯಿಸಿದರು. ಸ್ಮಿತ್ತರಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಅಲ್ಲಿಂದೀಚೆಗೆ ಯಾವ ಶೇಷವನ್ನು ಬೇಕಾದರೂ ತೆಗೆದು ಬೇರೊಂದನ್ನು ಇಡಬಹುದಾಯಿತು. ನಾವು ಆರಂಭದಲ್ಲಿ ಹೇಳಿದ ವಾಕ್ಯದ ಮಾದರಿ ಹುಟ್ಟಿದ್ದೂ ಆಗಲೇ.

ಈ ಸಾಹಿತ್ಯದಲ್ಲಿ ವಿಮರ್ಶೆಗೆ ಅತ್ಯಂತ ಯೋಗ್ಯವಾದ ಕೃತಿಯೆಂದರೆ ಪಾಲ್ ಕಾರ್ಟರ್ ಮತ್ತು ಜೇಮ್ಸ್ ವೆಲ್ಸ್ ಅವರು ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧ. ಅವರು ಆರಿಸಿಕೊಂಡದ್ದು ಸಬ್ಟಿಲಿಸಿನ್. ಬಟ್ಟೆಯ ಕಲೆ ತೆಗೆಯುವ ಸಾಬೂನಿನ ಪುಡಿಗಳಲ್ಲಿ ಸೇರಿಸುವ ಕಿಣ್ವಗಳು ಈ ಕುಟುಂಬಕ್ಕೆ ಸೇರಿದವು. ಅದರಲ್ಲಿ ಶೇಷತ್ರಯದ ಸ್ಥಾನಗಳು ಆಸ್ಪಾರ್ಟಿಕ್ ಆಮ್ಲ ೩೨, ಹಿಸ್ಟಿಡೀನ್ ೬೪, ಸೆರೀನ್ ೨೨೧. ಇವುಗಳನ್ನು ಒಂದೊಂದಾಗಿಯೂ, ಎರಡೆರಡಾಗಿಯೂ, ಮೂರನ್ನೂ ಒಟ್ಟಾಗಿಯೂ ತೆಗೆದು ಅಲನೀನನ್ನು ಇಟ್ಟರು. ಅಲನೀನ್ ಸಣ್ಣದು, ವಿದ್ಯುದಂಶವಿಲ್ಲದ್ದು, ಜಲಜನಕ ಬಂಧವನ್ನು ಹೊಸದಾಗಿ ಕಟ್ಟಲಾರದ್ದು. ಆದ್ದರಿಂದ ಹೊಸ ತೊಂದರೆಯನ್ನು ತಂದಿಡುವ ಸಂಭವ ಕಡಮೆ ಎಂಬುದು ಅವರ ವಿಚಾರ.

ಅವರ ಪ್ರಯೋಗಕೌಶಲವನ್ನು ಒಂದು ಮಾತಿನಲ್ಲಾದರೂ ಸ್ಮರಿಸದೆ ಮುಂದುವರಿಯುವುದು ನ್ಯಾಯವಲ್ಲ. ಸಬ್ಟಿಲಿಸಿನ್ ಹುಟ್ಟುವಾಗ ಅದರ ಸರಪಣಿಯ ಮುಂದೆ ಒಂದು ಹೆಚ್ಚಿನ ತುಂಡು ಇರುತ್ತದೆ. ಅದನ್ನು ಕತ್ತರಿಸಿಕೊಳ್ಳುವುದು ಸಬ್ಟಿಲಿಸಿನ್ನಿನದೇ ಕೆಲಸ. ಕತ್ತರಿಸುವ ಶಕ್ತಿಯನ್ನೇ ಕಳೆದುಕೊಂಡ ಕಿಣ್ವವು ತನ್ನನ್ನು ತಾನು ಬಿಡಿಸಿಕೊಳ್ಳಲಾರದು. ಆದಕಾರಣ ಸ್ವಲ್ಪ ಒಳ್ಳೆಯ ಕಿಣ್ವವನ್ನು ನೆರವಿಗೆ ಕೂಡಿಸಬೇಕಾಯಿತು. ಅನಂತರ ಅದನ್ನು ಪೂರ್ತಿ ಬೇರ್ಪಡಿಸಬೇಕು. ಇಪ್ಪತ್ತು ಲಕ್ಷ ಪಟ್ಟು ಮಂದವಾದ ಕಿಣ್ವವನ್ನು ಅಳೆಯುವಾಗ ಇಪ್ಪತ್ತು ಲಕ್ಷದಲ್ಲಿ ಒಂದು ಅಣುವಿನಷ್ಟು ಒಳ್ಳೆಯ ಕಿಣ್ವ ಉಳಿದಿದ್ದರೂ ಅಳತೆಗೆ ಸಿಕ್ಕುವುದರಲ್ಲಿ ಅರ್ಧ ಅದರದೇ ಆಗುತ್ತದೆ. ಇದಕ್ಕಾಗಿ ಅವರು ಕ್ರಿಯಾಸ್ಥಾನಕ್ಕೆ ಸಂಬಂಧವಿಲ್ಲದ ೨೪ನೆಯ ಸೆರೀನನ್ನು ಸಿಸ್ಟೀನ್ ಮಾಡಿ, ಆ ಗಂಧಕವನ್ನು ಹಿಡಿಗೂಟವಾಗಿಟ್ಟುಕೊಂಡು ಬದಲಾದ ಕಿಣ್ವವನ್ನಷ್ಟೇ ಎತ್ತಿಕೊಂಡರು. ಇಂಥ ಎಚ್ಚರವಿಲ್ಲದೆ ಪ್ರಕಟವಾದ ‘ಅಲ್ಪಶೇಷ ಚಟುವಟಿಕೆ’ಯ ಅಂಕಿಗಳು ಈ ಕ್ಷೇತ್ರದಲ್ಲಿ ಕಡಮೆಯಿಲ್ಲ.

ಅವರಿಗೆ ದೊರೆತ ಫಲಿತಾಂಶ ಹೀಗಿದೆ. ಸಬ್‌ಸ್ಟ್ರೇಟು ತುಂಬಿದ ಕಿಣ್ವದ ಒಂದು ಅಣುವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ತನ್ನ ಕೆಲಸವನ್ನು ಮುಗಿಸುತ್ತದೆಂಬ ಆವರ್ತಸಂಖ್ಯೆಯು ಸೆರೀನನ್ನು ತೆಗೆದಾಗ ಸುಮಾರು ೨೦ ಲಕ್ಷ ಪಟ್ಟು ಇಳಿಯಿತು. ಹಿಸ್ಟಿಡೀನನ್ನು ತೆಗೆದಾಗಲೂ ಸುಮಾರು ೨೦ ಲಕ್ಷ ಪಟ್ಟು. ಆಸ್ಪಾರ್ಟಿಕ್ ಆಮ್ಲವನ್ನು ತೆಗೆದಾಗ ಸುಮಾರು ೩೦ ಸಾವಿರ ಪಟ್ಟು. ಸಬ್‌ಸ್ಟ್ರೇಟು ಕೂಡಿಕೊಳ್ಳುವ ಬಗೆಯನ್ನು ಸೂಚಿಸುವ ಮೈಕೇಲಿಸ್ ಸ್ಥಿರಾಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಈಗ ರೂಢಿಯ ವಾಕ್ಯದಂತೆ ಇವನ್ನು ಮೂರು ಪಾಲುಗಳೆಂದು ಓದಿ ಲೆಕ್ಕ ಹಾಕಿ ನೋಡೋಣ. ಒಂದೊಂದು ಶೇಷವೂ ವೇಗವನ್ನು ಇಷ್ಟಿಷ್ಟು ಪಟ್ಟು ಹೆಚ್ಚಿಸುವುದಾದರೆ ಮೂರೂ ಸೇರಿದಾಗ ಆ ಪಟ್ಟುಗಳನ್ನು ಗುಣಿಸಬೇಕು. ೨೦ ಲಕ್ಷವನ್ನು ೨೦ ಲಕ್ಷದಿಂದ, ಅದನ್ನು ೩೦ ಸಾವಿರದಿಂದ ಗುಣಿಸಿದರೆ ೧,೨೦೦ ಕೋಟಿ ಕೋಟಿ ಬರುತ್ತದೆ. ಆದರೆ ಕಾರ್ಟರ್ ಮತ್ತು ವೆಲ್ಸರ ಅಂದಾಜಿನಂತೆ ಕಿಣ್ವವಿಲ್ಲದ ಸ್ಥಿತಿಗೆ ಹೋಲಿಸಿದರೆ ಸಬ್ಟಿಲಿಸಿನ್ ಅಮೈಡ್ ಬಂಧದ ಸೀಳುವಿಕೆಯನ್ನು ಹೆಚ್ಚಿಸುವುದು ೧೦೦ ಕೋಟಿಯಿಂದ ೧,೦೦೦ ಕೋಟಿ ಪಟ್ಟು. ಇದು ಕನಿಷ್ಠ ಅಂದಾಜು ಎಂಬುದು ನಿಜ; ನೀರಿನಲ್ಲಿ ಪೆಪ್ಟೈಡ್ ಬಂಧವೊಂದು ತಾನಾಗಿಯೇ ಮುರಿಯಲು ನೂರಾರು ವರ್ಷ ಹಿಡಿಯುತ್ತದೆಂದು ರಾಡ್ಜಿಕಾ ಮತ್ತು ವುಲ್ಫೆಂಡನ್ ೧೯೯೬ರಲ್ಲಿ ತೋರಿಸಿದ್ದಾರೆ. ಅಂದಾಜನ್ನು ಇನ್ನೂ ಸಾವಿರ ಪಟ್ಟು ಏರಿಸಿದರೂ ನಮ್ಮ ವಾದವು ಕದಲುವುದಿಲ್ಲ. ಶಕ್ತಿಯ ಮಾನದಲ್ಲಿ ಹೇಳುವುದಾದರೆ, ೨೫ ಡಿಗ್ರಿ ಉಷ್ಣತೆಯಲ್ಲಿ ೨೦ ಲಕ್ಷ ಪಟ್ಟು ಎಂದರೆ ಮೋಲಿಗೆ ಸುಮಾರು ೮.೬ ಕಿಲೊಕ್ಯಾಲೊರಿ, ೩೦ ಸಾವಿರ ಪಟ್ಟು ಎಂದರೆ ೬.೧, ಮೂರು ಶೇಷಗಳ ಮೊತ್ತ ೨೩.೩. ಕಿಣ್ವದ ಇಡೀ ಗಳಿಕೆಯಾದ ೧,೦೦೦ ಕೋಟಿ ಪಟ್ಟಿಗೆ ಸಲ್ಲುವುದು ೧೩.೬ ಮಾತ್ರ. ಮೂವರು ಪಾಲುದಾರರು ತಮ್ಮ ತಮ್ಮ ಪಾಲೆಂದು ಕೇಳಿದ್ದನ್ನು ಕೂಡಿಸಿದರೆ ಇಡೀ ಆಸ್ತಿಯನ್ನು ಮೀರುತ್ತದೆ. ಆ ಆಸ್ತಿಯಲ್ಲಿ ಇನ್ನೂ ಪಾಲು ಕೇಳದ ೧೫೫ನೆಯ ಆಸ್ಪರಜೀನ್ ಬೇರೆ ಇದೆ. ಅದನ್ನು ಲ್ಯೂಸೀನಿಗೆ ಬದಲಾಯಿಸಿದರೆ ಆವರ್ತಸಂಖ್ಯೆ ಇನ್ನೂರು ಮುನ್ನೂರು ಪಟ್ಟು ಇಳಿಯುತ್ತದೆಂದು ಬ್ರಯನ್ ಮೊದಲಾದವರು ೧೯೮೬ರಲ್ಲಿಯೇ ತೋರಿಸಿದ್ದರು.

ಕಾರ್ಟರ್ ಮತ್ತು ವೆಲ್ಸರ ಹಿರಿಮೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮೂರು ಶೇಷಗಳನ್ನೂ ಒಟ್ಟಿಗೆ ತೆಗೆದಾಗ ಇಳಿತ ಎಷ್ಟು? ಸುಮಾರು ೨೦ ಲಕ್ಷ ಪಟ್ಟು. ಸೆರೀನೊಂದನ್ನೇ ತೆಗೆದಾಗ ಆದಷ್ಟೇ. ಸೆರೀನ್ ಹೋದ ಮೇಲೆ ಹಿಸ್ಟಿಡೀನ್ ಇದ್ದರೂ ಒಂದೇ, ಹೋದರೂ ಒಂದೇ. ಮೂರು ಗುಂಡುಗಳ ಒಲೆಯಿಂದ ಒಂದು ಗುಂಡನ್ನು ತೆಗೆದರೆ ಮಡಕೆ ಉರುಳುತ್ತದೆ. ಉರುಳಿದ ಮೇಲೆ ಎರಡನೆಯದನ್ನೂ ಮೂರನೆಯದನ್ನೂ ತೆಗೆದರೆ ಹೊಸದಾಗಿ ಆಗುವ ನಷ್ಟವೇನೂ ಇಲ್ಲ. ಮಡಕೆಯ ಭಾರದಲ್ಲಿ ಪ್ರತಿಯೊಂದು ಗುಂಡು ಹೊರುವ ಪಾಲನ್ನು ಈ ಪರೀಕ್ಷೆಯಿಂದ ತಿಳಿಯಲಾಗುವುದಿಲ್ಲ. ಅವರು ಕೊನೆಯಲ್ಲಿ ೨೦ ಲಕ್ಷ ಪಟ್ಟನ್ನು ಶೇಷತ್ರಯಕ್ಕೆ ಒಟ್ಟಾಗಿ ಸಲ್ಲಿಸಿದರೇ ಹೊರತು ಒಂದೊಂದಕ್ಕೂ ಹಂಚಲಿಲ್ಲ. ಅವರ ಪ್ರಬಂಧವನ್ನು ಉಲ್ಲೇಖಿಸುವವರಲ್ಲಿ ಹಲವರು ಹಂಚಿಯೇ ಬರೆಯುತ್ತಾರೆಂಬುದು ವಿಷಾದದ ಸಂಗತಿ.

ಒಲೆಯ ಹೋಲಿಕೆಗೂ ಒಂದು ಮಿತಿಯುಂಟು. ಉರುಳಿದ ಮಡಕೆಯಲ್ಲಿ ಅಡುಗೆ ಆಗುವುದಿಲ್ಲ. ಶೇಷತ್ರಯವೆಲ್ಲ ಹೋದ ಸಬ್ಟಿಲಿಸಿನ್ ಮಾತ್ರ ಬರಿಯ ನೀರಿಗಿಂತ ಇನ್ನೂ ಸಾವಿರ ಪಟ್ಟಿನಷ್ಟು ಹೆಚ್ಚು ವೇಗವಾಗಿಯೇ ಅಮೈಡ್ ಬಂಧವನ್ನು ಸೀಳುತ್ತದೆ. ಹೇಗೆ? ಮೂಲ ಕಿಣ್ವದಲ್ಲಿ ಸೆರೀನಿನ ಆಮ್ಲಜನಕವು ಬಂಧದ ಇಂಗಾಲವನ್ನು ತಾನೇ ಹಿಡಿದು, ತುಂಡಾದ ಅರ್ಧವನ್ನು ಸ್ವಲ್ಪ ಹೊತ್ತು ತನ್ನಲ್ಲಿ ಇಟ್ಟುಕೊಂಡು, ಅನಂತರ ನೀರಿಗೆ ಒಪ್ಪಿಸುತ್ತದೆ. ಸೆರೀನ್ ಇಲ್ಲದ ಕಿಣ್ವದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ನೀರೇ ನೇರವಾಗಿ ಬಂಧದ ಮೇಲೆ ಬೀಳಬೇಕು, ೧೫೫ನೆಯ ಆಸ್ಪರಜೀನ್ ಮೊದಲಾದವು ಮೊದಲಿನಂತೆ ಸಂಕ್ರಮಣ ಸ್ಥಿತಿಗೆ ಆಸರೆ ಕೊಡಬೇಕು. ಎಂದರೆ ಬದಲಾದ ಕಿಣ್ವವು ಹಳೆಯ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಿಲ್ಲ, ಬೇರೊಂದು ದಾರಿಯನ್ನು ಹಿಡಿದಿದೆ. ೨೦ ಲಕ್ಷವೆಂಬ ಸಂಖ್ಯೆಯು ಈ ಎರಡು ದಾರಿಗಳ ನಡುವಣ ಅಂತರ. ಆ ಎರಡನೆಯ ದಾರಿ ಇನ್ನೂ ದುರ್ಗಮವಾಗಿದ್ದರೆ ಸಂಖ್ಯೆ ಇನ್ನೂ ದೊಡ್ಡದಾಗುತ್ತಿತ್ತು, ಸುಗಮವಾಗಿದ್ದರೆ ಸಣ್ಣದಾಗುತ್ತಿತ್ತು. ಸೆರೀನಿನ ಗುಣದಲ್ಲಿ ಮಾತ್ರ ಏನೊಂದೂ ಬದಲಾಗುತ್ತಿರಲಿಲ್ಲ. ‘ಅತ್ಯಗತ್ಯ’ವೆಂದು ಹೆಸರಾದ ಶೇಷಗಳನ್ನು ತೆಗೆದ ಹತ್ತಾರು ಕಿಣ್ವಗಳನ್ನು ಪೆರಾಕ್ಕಿಯವರು ೨೦೦೧ರಲ್ಲಿ ಪರಿಶೀಲಿಸಿ, ಇಂಥ ಬೇರೆ ದಾರಿಗಳು ಅಪವಾದವೇನೂ ಅಲ್ಲವೆಂಬುದನ್ನು ಎತ್ತಿತೋರಿಸಿದ್ದಾರೆ.

ಕಾರ್ಟರ್ ಮತ್ತು ವೆಲ್ಸ್ ೧೯೮೭ರಲ್ಲಿ ಮಾಡಿದ್ದ ಇನ್ನೊಂದು ಪ್ರಯೋಗವು ಇದನ್ನೇ ಬೇರೊಂದು ಕಡೆಯಿಂದ ಬೆಳಗುತ್ತದೆ. ಹಿಸ್ಟಿಡೀನ್ ೬೪ನ್ನು ತೆಗೆದ ಕಿಣ್ವಕ್ಕೆ, ಸೀಳಬೇಕಾದ ಬಂಧದ ಹತ್ತಿರವೇ ಹಿಸ್ಟಿಡೀನ್ ಇರುವ ಸಬ್‌ಸ್ಟ್ರೇಟನ್ನು ಕೊಟ್ಟರು. ಹಿಸ್ಟಿಡೀನಿಲ್ಲದ ಅಂಥದೇ ಸಬ್‌ಸ್ಟ್ರೇಟಿಗೆ ಹೋಲಿಸಿದರೆ ಇದು ೪೦೦ ಪಟ್ಟಿನವರೆಗೆ ಬೇಗ ಸೀಳಿತು. ಕಿಣ್ವ ಕಳೆದುಕೊಂಡದ್ದನ್ನು ಸಬ್‌ಸ್ಟ್ರೇಟೇ ಒದಗಿಸಿತು. ಹಾಗಾದರೆ ಹಿಸ್ಟಿಡೀನ್ ೬೪ರ ಪಾಲು ಎಷ್ಟು? ಎದುರಿಗೆ ಬಂದ ಸಬ್‌ಸ್ಟ್ರೇಟು ಯಾವುದೆಂದು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ.

ತೆಗೆದ ಶೇಷದಷ್ಟೇ ಮುಖ್ಯವಾದುದು ಅದರ ಎಡೆಯಲ್ಲಿ ಇಟ್ಟದ್ದು. ೧೯೮೭ರಲ್ಲಿ ಕ್ರೇಕ್, ರಟ್ಟರ್ ಮತ್ತು ಅವರ ಸಂಗಡಿಗರು ಟ್ರಿಪ್ಸಿನ್ ಕಿಣ್ವದ ೧೦೨ನೆಯ ಆಸ್ಪಾರ್ಟಿಕ್ ಆಮ್ಲವನ್ನು ಆಸ್ಪರಜೀನಿಗೆ ಬದಲಾಯಿಸಿದರು. ೧೯೬೪ರ ಪಟ್ಟಿಯಲ್ಲಿ ಕೈತಪ್ಪಿ ಸೇರಿದ್ದ ಕಿಣ್ವವನ್ನೇ ಅದರ ದಾಯಾದಿಯ ರೂಪದಲ್ಲಿ ಪ್ರಯೋಗಶಾಲೆಯಲ್ಲಿ ನಿರ್ಮಿಸಿದಂತಾಯಿತು. ತಟಸ್ಥ ದ್ರಾವಣದಲ್ಲಿ ಅದರ ಚಟುವಟಿಕೆ ಸುಮಾರು ಹತ್ತು ಸಾವಿರ ಪಟ್ಟು ಕಡಮೆ. ‘ಋಣ ವಿದ್ಯುದಂಶದ ಬೆಲೆ ಹತ್ತು ಸಾವಿರ ಪಟ್ಟು’ ಎಂದು ಬರೆದುಬಿಡಲು ಇಷ್ಟು ಸಾಕಾಗಿತ್ತು. ಆದರೆ ಅದೇ ವರ್ಷ ಸ್ಪ್ರಾಂಗ್ ಮೊದಲಾದವರು ಆ ಬದಲಾದ ಕಿಣ್ವದ ರಚನೆಯನ್ನು ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು. ಹಿಸ್ಟಿಡೀನಿನ ಉಂಗುರದಲ್ಲಿ ಸಾರಜನಕಗಳು ಎರಡು. ಮೂಲ ಕಿಣ್ವದಲ್ಲಿ ಆಸ್ಪಾರ್ಟಿಕ್ ಆಮ್ಲದ ಕಡೆಗಿರುವ ಸಾರಜನಕದ ಮೇಲೆ ಪ್ರೋಟಾನು ಇರುತ್ತದೆ. ಸೆರೀನಿನ ಕಡೆಯದು ಬರಿದಾಗಿದ್ದು ಸೆರೀನಿನ ಪ್ರೋಟಾನನ್ನು ಕಿತ್ತುಕೊಳ್ಳಲು ಸಿದ್ಧವಾಗಿರುತ್ತದೆ. ಆಸ್ಪರಜೀನು ತನ್ನದೇ ಜಲಜನಕವನ್ನು ಹಿಸ್ಟಿಡೀನಿಗೆ ಒಡ್ಡುವುದರಿಂದ ಪ್ರೋಟಾನು ಇನ್ನೊಂದು ಸಾರಜನಕಕ್ಕೆ ಸರಿದು ಅದರ ಬಾಯನ್ನು ಮುಚ್ಚುತ್ತದೆ. ಹೀಗಿರಲು ಆ ಹತ್ತು ಸಾವಿರದಲ್ಲಿ ಆಸ್ಪಾರ್ಟಿಕ್ ಆಮ್ಲವು ಇಲ್ಲದ ನಷ್ಟವೂ ಸೇರಿದೆ, ಆಸ್ಪರಜೀನು ಇರುವ ಕೇಡೂ ಸೇರಿದೆ. ಇದಕ್ಕೆ ಪುಷ್ಟಿಯಾಗಿ, ದ್ರಾವಣದ ಕ್ಷಾರತೆ ಏರಿದಂತೆಲ್ಲ ಆ ಕಿಣ್ವದ ಚಟುವಟಿಕೆಯೂ ಬಹಳವಾಗಿ ಏರುತ್ತದೆ. ಕ್ಷಾರೀಯ ದ್ರಾವಣದಲ್ಲಿ ಅಳೆದಿದ್ದರೆ ಅದೇ ಶೇಷದ ‘ಪಾಲು’ ತೀರ ಸಣ್ಣದಾಗಿ ಕಾಣುತ್ತಿತ್ತು. ಒಳಗಿನ ಆಮ್ಲವು ನಿಜವಾಗಿ ಏನು ಮಾಡುತ್ತದೆಂಬುದನ್ನು ತಿಳಿಸಿದ್ದು ಇಂಥ ಭಾಗಾಕಾರಕ್ಕಿಂತ ಹೆಚ್ಚಾಗಿ ಪ್ರೋಟಾನು ಎಲ್ಲಿದೆಯೆಂದು ನೇರವಾಗಿ ನೋಡಿದ ಪ್ರಯೋಗಗಳು. ೧೯೭೮ರಲ್ಲಿ ಬಾಕೋವ್ಚಿನ್ ಮತ್ತು ರಾಬರ್ಟ್ಸ್ ಸಾರಜನಕದ ಕಾಂತೀಯ ಅನುರಣನದಿಂದ, ೧೯೮೧ರಲ್ಲಿ ಕಾಸ್ಸಿಯಾಕಾಫ್ ಮತ್ತು ಸ್ಪೆನ್ಸರ್ ನ್ಯೂಟ್ರಾನು ವಿವರ್ತನೆಯಿಂದ, ಪ್ರೋಟಾನು ಹಿಸ್ಟಿಡೀನಿನಲ್ಲಿಯೇ ನಿಲ್ಲುತ್ತದೆಂದೂ ಆಸ್ಪಾರ್ಟಿಕ್ ಆಮ್ಲದವರೆಗೆ ದಾಟಿಹೋಗುವುದಿಲ್ಲವೆಂದೂ ತೋರಿಸಿದರು. ೧೯೬೯ರ ಕಲ್ಪನೆಯ ಅಕ್ಷರಾರ್ಥವು ಅಲ್ಲಿಗೆ ಬಿದ್ದಿತು.

ಇನ್ನು ಟ್ರಯೋಸ್ ಫಾಸ್ಫೇಟ್ ಐಸೊಮರೇಸ್. ಸಕ್ಕರೆಯನ್ನು ಒಡೆಯುವ ಹಾದಿಯಲ್ಲಿ ಮೂರು ಇಂಗಾಲಗಳ ಎರಡು ಫಾಸ್ಫೇಟುಗಳನ್ನು ಒಂದರಿಂದೊಂದಕ್ಕೆ ಮಾರ್ಪಡಿಸುವ ಈ ಕಿಣ್ವವು, ಸಬ್‌ಸ್ಟ್ರೇಟು ತನ್ನ ಬಳಿಗೆ ಬಂದು ಸೇರುವಷ್ಟು ವೇಗವಾಗಿ ಕೆಲಸ ಮುಗಿಸುತ್ತದೆಂದು ನೋಲ್ಸ್ ಮತ್ತು ಆಲ್ಬೆರಿ ೧೯೭೦ರ ದಶಕದಲ್ಲಿ ಸಿದ್ಧಪಡಿಸಿದ್ದರು. ಅದರಲ್ಲಿ ಪ್ರೋಟಾನನ್ನು ಕೀಳುವ ಶೇಷ ೧೬೫ನೆಯ ಗ್ಲುಟಾಮಿಕ್ ಆಮ್ಲ. ೧೯೮೫ರಲ್ಲಿ ಸ್ಟ್ರಾಸ್, ರೇನ್ಸ್, ನೋಲ್ಸ್ ಮೊದಲಾದವರು ಅದನ್ನು ಆಸ್ಪಾರ್ಟಿಕ್ ಆಮ್ಲಕ್ಕೆ ಬದಲಾಯಿಸಿದರು. ಆಮ್ಲದ ಗುಂಪು ಅದೇ, ವಿದ್ಯುದಂಶ ಅದೇ. ಕೈ ಮಾತ್ರ ಇಂಗಾಲದ ಒಂದು ಕೊಂಡಿಯಷ್ಟು ಮೋಟು. ವೇಗವು ಸುಮಾರು ಸಾವಿರ ಪಟ್ಟು ಇಳಿಯಿತು. ಮುಂದೆ ಹರ್ಮ್ಸ್, ಬ್ಲ್ಯಾಕ್‌ಲೋ ಮತ್ತು ನೋಲ್ಸ್ ಈ ಮೋಟುಗೈಯ ಕಿಣ್ವದ ಜೀನಿನಲ್ಲಿ ಗೊತ್ತುಗುರಿಯಿಲ್ಲದೆ ಬದಲಾವಣೆಗಳನ್ನು ಮಾಡಿ, ಸುಧಾರಿಸಿದವನ್ನು ಹೆಕ್ಕಿದಾಗ, ೯೬ನೆಯ ಸೆರೀನ್ ಪ್ರೋಲೀನಾದ ಕಿಣ್ವವು ಸುಮಾರು ಇಪ್ಪತ್ತು ಪಟ್ಟು ಚುರುಕಾಗಿತ್ತು. ಸೆರೀನನ್ನು ಕಳೆದುಕೊಂಡದ್ದರಿಂದ ಇಲ್ಲಿ ಲಾಭವಾಯಿತು. ಅದೇ ಬದಲಾವಣೆಯಿಂದ ಮೂಲ ಕಿಣ್ವಕ್ಕೆ ಲಾಭವೇನೂ ಇಲ್ಲ.

ಈ ೯೬ನೆಯ ಸ್ಥಾನದ ಉತ್ತರಕಾಂಡ ನಡೆದದ್ದು ಬೆಂಗಳೂರಿನಲ್ಲಿ. ಮಲೇರಿಯಾ ರೋಗಾಣುವಾದ ಪ್ಲಾಸ್ಮೋಡಿಯಮ್ ಫಾಲ್ಸಿಪೇರಮ್‌ನ ಇದೇ ಕಿಣ್ವದ ರಚನೆಯನ್ನು ಭಾರತೀಯ ವಿಜ್ಞಾನ ಮಂದಿರದ ಎಂ. ಆರ್. ಎನ್. ಮೂರ್ತಿ, ಪಿ. ಬಲರಾಮ್ ಮತ್ತು ಜವಾಹರಲಾಲ್ ನೆಹರು ಕೇಂದ್ರದ ಹೇಮಲತಾ ಬಲರಾಮ್ ಅವರು ತಮ್ಮ ಸಂಗಡಿಗರೊಡನೆ ಬಿಡಿಸಿ ೧೯೯೭ರಲ್ಲಿ ಪ್ರಕಟಿಸಿದರು. ರೋಗಾಣುವಿನ ಕಿಣ್ವದಲ್ಲಿ ೯೬ನೆಯ ಸ್ಥಾನದಲ್ಲಿರುವುದು ಸೆರೀನಲ್ಲ, ಫೀನೈಲ್ ಅಲನೀನ್. ಇದು ಎಷ್ಟು ವಿರಳವೆಂದರೆ, ಈ ಬಳಗವು ೨೦೧೬ರಲ್ಲಿ ಪರಿಶೀಲಿಸಿದ ೬,೨೭೭ ಸರಪಣಿಗಳಲ್ಲಿ ನೂರಕ್ಕೆ ೯೮ರಲ್ಲಿ ಅಲ್ಲಿ ಸೆರೀನೇ ಇತ್ತು. ಇಷ್ಟೊಂದು ಜೀವಿಗಳು ಉಳಿಸಿಕೊಂಡು ಬಂದಿರುವ ಶೇಷವು ಕ್ರಿಯಾವರ್ಧನೆಗೆ ಒಳ್ಳೆಯದೆಂದೂ, ಅದನ್ನು ರೋಗಾಣುವಿನ ಕಿಣ್ವಕ್ಕೆ ಮರಳಿ ಕೊಟ್ಟರೆ ಅದು ಚುರುಕಾಗಬೇಕೆಂದೂ ಯಾರಾದರೂ ಊಹಿಸಿಯಾರು. ೨೦೦೯ರಲ್ಲಿ ಪ್ರಕಟವಾದ ಅಳತೆಯಲ್ಲಿ ಕಂಡದ್ದು ವಿಪರೀತ: ಸೆರೀನನ್ನು ಇಟ್ಟೊಡನೆ ಆವರ್ತಸಂಖ್ಯೆಯು ಸುಮಾರು ೭೦ ಪಟ್ಟು ಇಳಿಯಿತು, ಮೈಕೇಲಿಸ್ ಸ್ಥಿರಾಂಕವು ಐದು ಪಟ್ಟಿಗೂ ಹೆಚ್ಚು ಏರಿತು. ಟ್ರಿಪ್ಟೊಫಾನನ್ನು ಇಟ್ಟಾಗ ಮಾತ್ರ ಆವರ್ತಸಂಖ್ಯೆಯ ಇಳಿತವು ಎರಡು ಪಟ್ಟನ್ನು ಮುಟ್ಟಲಿಲ್ಲ. ರೂಢಿಯ ಲೆಕ್ಕದಂತೆ ಇಲ್ಲಿ ಸೆರೀನಿನ ಪಾಲನ್ನು ಸಾಲವೆಂದು ಬರೆಯಬೇಕಾಗುತ್ತದೆ. ಆ ಬಳಗದವರು ಹಾಗೆ ಬರೆಯಲಿಲ್ಲ. ೯೬ನೆಯ ಶೇಷಕ್ಕೂ ೭೩ನೆಯ ಸೆರೀನಿಗೂ ನಡುವೆ ಇರುವ ನೀರಿನ ಅಣುಗಳ ಸಾಲಿನ ಕಡೆಗೆ ಅವರ ಗಮನ ಹೋಯಿತು. ೨೦೧೬ರ ಪ್ರಬಂಧದಲ್ಲಿ ೯೬ರೊಡನೆ ೭೩ನ್ನು, ೯೬ರೊಡನೆ ೧೬೭ನ್ನು ಜೋಡಿಯಾಗಿ ಬದಲಾಯಿಸಿ ಅಭ್ಯಸಿಸಿದ್ದಾರೆ. ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದಲ್ಲಿಯೇ ದೊರೆಯುವ ಮಾದರಿ ಇದು. ದೂರದ ಪ್ರಬಂಧಗಳನ್ನು ಉಲ್ಲೇಖಿಸುವ ಉತ್ಸಾಹದಲ್ಲಿ ಇದನ್ನು ಕಡೆಗಣಿಸುವವರು ಹಲವರು.

ಇದೆಲ್ಲ ಬರಿಯ ಮಾತಿನ ಜಗಳ, ‘ಪಾಲು’ ಎಂದರೇನು ‘ನಷ್ಟ’ ಎಂದರೇನು, ಪ್ರಯೋಗಕಾರನಿಗೆ ಸಂಖ್ಯೆ ದೊರೆತರೆ ಸಾಕಲ್ಲವೆ ಎಂದು ಕೇಳಬಹುದು. ಗಾಡಿಯ ಕಡೆಗೀಲನ್ನು ಕಿತ್ತರೆ ಗಾಡಿ ನಿಲ್ಲುತ್ತದೆ. ಅಷ್ಟರಿಂದ ಗಾಡಿಯನ್ನು ಎಳೆಯುತ್ತಿದ್ದುದು ಕಡೆಗೀಲೆಂದು ನಂಬಿದವನು ಎತ್ತುಗಳನ್ನು ಬಿಟ್ಟು ಕಡೆಗೀಲುಗಳನ್ನು ಕೊಂಡಾನು. ಹೊಸ ಕಿಣ್ವಗಳನ್ನು ಕಟ್ಟಹೊರಟವರ ಅನುಭವ ಇದಕ್ಕೆ ದೂರವಾದುದಲ್ಲ. ಡೇವಿಡ್ ಬೇಕರ್, ಡ್ಯಾನ್ ತಾವ್ಫಿಕ್ ಮತ್ತು ಅವರ ಸಹೋದ್ಯೋಗಿಗಳು ೨೦೦೮ರಲ್ಲಿ ಪ್ರಕಟಿಸಿದ ಕೃತಕ ಕಿಣ್ವಗಳಲ್ಲಿ ಪ್ರೋಟಾನನ್ನು ಕೀಳುವ ಶೇಷವನ್ನು ಗಣಕದ ಲೆಕ್ಕದಂತೆ ತಕ್ಕ ಸ್ಥಾನದಲ್ಲಿಯೇ ಇಟ್ಟಿದ್ದರು. ವೇಗ ಒಂದು ಲಕ್ಷ ಪಟ್ಟಿನವರೆಗೆ ಹೆಚ್ಚಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಸಹಜ ಕಿಣ್ವಗಳ ಮಟ್ಟದಿಂದ ಅದು ಬಹು ದೂರ. ಆಮೇಲೆ ಪ್ರಯೋಗಶಾಲೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಆಯ್ಕೆ ನಡೆಸಿ ಇನ್ನೂರು ಪಟ್ಟಿಗೂ ಮಿಗಿಲಾಗಿ ಸುಧಾರಿಸಿದಾಗ, ಇಟ್ಟ ಆ ಮುಖ್ಯ ಶೇಷವು ಇದ್ದಲ್ಲಿಯೇ ಇತ್ತು. ಬದಲಾದದ್ದು ಅದರ ನೆರೆಹೊರೆ. ವಾರ್ಷೆಲ್ ಅವರು ಬಹು ಕಾಲದಿಂದ ಪ್ರತಿಪಾದಿಸುತ್ತ ಬಂದಿರುವ ವಿಚಾರವೂ ಇದಕ್ಕೆ ಹೊಂದುತ್ತದೆ: ಸಂಕ್ರಮಣ ಸ್ಥಿತಿಯ ವಿದ್ಯುದಂಶಗಳಿಗೆ ಬೇಕಾದ ಆಸರೆಯನ್ನು ಪ್ರೋಟೀನು ಮುಂಚಿತವಾಗಿಯೇ ಜೋಡಿಸಿಟ್ಟುಕೊಂಡಿರುತ್ತದೆ, ಶೇಷತ್ರಯದ ಆಸ್ಪಾರ್ಟಿಕ್ ಆಮ್ಲದ ಕೆಲಸವೂ ಮುಖ್ಯವಾಗಿ ಈ ಬಗೆಯದು. ಅವರ ಗಣನೆಗಳ ಎಲ್ಲ ವಿವರಗಳನ್ನೂ ಒಪ್ಪದವರಿಗೂ ಈ ಅಂಶ ಅಲ್ಲಗಳೆಯಲು ಕಷ್ಟ.

ಹಾಗಾದರೆ ಒಂದೇ ಶೇಷದ ಅಧ್ಯಯನವನ್ನು ಬಿಟ್ಟುಬಿಡಬೇಕೆ? ಬಿಡಬೇಕಾದುದು ಭಾಗಾಕಾರಕ್ಕೆ ಇಡುವ ಹೆಸರನ್ನು. ಫರ್ಷ್ಟ್ ಅವರ ಬಳಗವು ೧೯೮೪ರಿಂದ ಬಳಕೆಗೆ ತಂದ ಜೋಡಿ ಬದಲಾವಣೆಯ ಕ್ರಮದಲ್ಲಿ ಮೊದಲ ಶೇಷವೊಂದನ್ನೇ, ಎರಡನೆಯದೊಂದನ್ನೇ, ಅನಂತರ ಎರಡನ್ನೂ ಬದಲಾಯಿಸಿ ಅಳೆಯುತ್ತಾರೆ. ಎರಡು ಇಳಿತಗಳ ಗುಣಲಬ್ಧವು ಮೂರನೆಯದಕ್ಕೆ ಸಮನಾದರೆ ಆ ಎರಡು ಶೇಷಗಳು ತಮ್ಮಷ್ಟಕ್ಕೆ ತಾವು ಇವೆಯೆಂದು ತಿಳಿಯಬಹುದು. ಆಗ ಮಾತ್ರ ಪಾಲಿನ ಮಾತಿಗೆ ಸ್ವಲ್ಪ ಅರ್ಥವಿದೆ. ಸಮನಾಗದಿದ್ದರೆ, ಎಷ್ಟರಮಟ್ಟಿಗೆ ಸಮನಾಗಲಿಲ್ಲವೋ ಅದೇ ಅವುಗಳ ಸಂಬಂಧದ ಅಳತೆ. ಈ ಅಳತೆಯು ಯಾವ ಒಂದು ಶೇಷದ ಹೆಸರಿನಲ್ಲಿಯೂ ಸೇರದು.

ನಮ್ಮ ವಿಭಾಗಗಳಲ್ಲಿ ಸಿದ್ಧವಾಗುವ ಮಹಾಪ್ರಬಂಧಗಳಲ್ಲಿ ‘ಶೇಷಗಳ ಕೊಡುಗೆ’ ಎಂಬ ತಲೆಬರಹದ ಕೋಷ್ಟಕಗಳು ಸಾಮಾನ್ಯ. ಆ ತಲೆಬರಹವನ್ನು ‘ಇಂಥ ಬದಲಾವಣೆಯಿಂದಾದ ಇಳಿತ’ ಎಂದು ತಿದ್ದಿ, ಪಕ್ಕದಲ್ಲಿ ಇನ್ನು ಕೆಲವು ಅಂಕಣಗಳನ್ನು ಸೇರಿಸುವುದು ಕಷ್ಟವಲ್ಲ: ಎಡೆಯಲ್ಲಿ ಇಟ್ಟ ಶೇಷ ಯಾವುದು, ಸಬ್‌ಸ್ಟ್ರೇಟು ಯಾವುದು, ದ್ರಾವಣದ ಆಮ್ಲತೆ ಎಷ್ಟು, ಬದಲಾದ ಕಿಣ್ವದಲ್ಲಿ ಅತಿ ನಿಧಾನವಾದ ಹೆಜ್ಜೆ ಮೂಲ ಕಿಣ್ವದ್ದೇ ಅಥವಾ ಬೇರೆಯೇ, ಮೂಲ ಕಿಣ್ವದ ಸೋಂಕು ಇಲ್ಲವೆಂಬುದಕ್ಕೆ ಆಧಾರವೇನು. ಈ ಅಂಕಣಗಳಲ್ಲಿ ನಾಲ್ಕನೆಯದೇ ಅತ್ಯಂತ ಕಷ್ಟದ್ದು. ಟ್ರಯೋಸ್ ಫಾಸ್ಫೇಟ್ ಐಸೊಮರೇಸಿನಲ್ಲಿ ಮೂಲ ಕಿಣ್ವದ ನಿಧಾನವಾದ ಹೆಜ್ಜೆ ಸಬ್‌ಸ್ಟ್ರೇಟಿನ ಆಗಮನ, ಮೋಟುಗೈಯ ಕಿಣ್ವದಲ್ಲಿ ಪ್ರೋಟಾನನ್ನು ಕೀಳುವುದು. ಆದಕಾರಣ ಹೊರಗೆ ಕಾಣುವ ಇಳಿತಕ್ಕಿಂತ ಪ್ರೋಟಾನನ್ನು ಕೀಳುವ ಹೆಜ್ಜೆಯಲ್ಲಿ ಆದ ಇಳಿತ ಹೆಚ್ಚಿನದು. ರೇನ್ಸ್ ಮತ್ತು ನೋಲ್ಸರ ಬಳಗವು ೧೯೮೬ರಲ್ಲಿ ಪ್ರತಿಯೊಂದು ಹೆಜ್ಜೆಯ ಶಕ್ತಿಯನ್ನೂ ಬೇರೆಬೇರೆಯಾಗಿ ಅಳೆದ ಮೇಲೆಯೇ ಇದನ್ನು ನಿರ್ಧರಿಸಲು ಸಾಧ್ಯವಾಯಿತು. ಸಬ್ಟಿಲಿಸಿನ್ನಿನ ಶೇಷತ್ರಯವನ್ನು ತೆಗೆದ ಕಿಣ್ವಗಳ ವಿಷಯದಲ್ಲಿ ನಾಲ್ಕನೆಯ ಅಂಕಣವನ್ನು ಅಷ್ಟೇ ನಿಷ್ಕೃಷ್ಟವಾಗಿ ತುಂಬಬೇಕಾದರೆ, ನೀರು ನೇರವಾಗಿ ಬಂಧದ ಮೇಲೆ ಬೀಳುವ ಆ ಎರಡನೆಯ ದಾರಿಯನ್ನು ಅದರದೇ ಆದ ಸಬ್‌ಸ್ಟ್ರೇಟುಗಳಿಂದ, ಅದರದೇ ಆದ ಆಮ್ಲತೆಯ ಶ್ರೇಣಿಯಲ್ಲಿ, ೧೫೫ನೆಯ ಆಸ್ಪರಜೀನನ್ನೂ ಜೊತೆಗೆ ಬದಲಾಯಿಸಿ ಅಳೆಯಬೇಕಾಗುತ್ತದೆ.